ತೆಂಗಿನಕಾಯಿಯ ಧಾರಣೆ ಮತ್ತು ಮನೆಯ ಲೆಕ್ಕ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಿಂದ ಒಂದು ಸಂಶೋಧನಾ ಟಿಪ್ಪಣಿ

2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ವ್ಯಾಪಾರ ನಡೆಯಿತು, ಬೆಳೆಗಾರರು ಬೀದಿಗಿಳಿದರು. 2024ರ ಹಂಗಾಮಿಗೆ ಬೆಂಬಲ ಬೆಲೆ 12,000ಕ್ಕೆ ಏರಿತು, ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸರದಿ ನಿಂತರು. 2025ರ ನಡುವಿನ ಹೊತ್ತಿಗೆ ಅದೇ ತಿಪಟೂರಿನಲ್ಲಿ ಧಾರಣೆ 20,000 ದಾಟಿತ್ತು. ಕೊಬ್ಬರಿಯ ಹಿಂದೆಯೇ ಹಸಿ ಕಾಯಿಯ ಬೆಲೆಯೂ ಏರಿತು. ತುಮಕೂರಿನ ಮಂಡಿಪೇಟೆಯಲ್ಲಿ ಚೀಲ ಹಿಡಿದು ನಿಂತ ಗೃಹಿಣಿಗೂ, ಗುಬ್ಬಿ ತಾಲ್ಲೂಕಿನ ತೋಟದ ಮನೆಯವರಿಗೂ, ಕುಣಿಗಲ್‌ನಿಂದ ದಿನವೂ ಬೆಂಗಳೂರಿಗೆ ಹೋಗಿ ಬರುವ ಕಾರ್ಮಿಕನಿಗೂ ತಟ್ಟಿದ್ದು ಒಂದೇ ಬೆಲೆ. ಅದು ತಟ್ಟಿದ ಬಗೆ ಮಾತ್ರ ಮೂವರಿಗೂ ಬೇರೆ. ಆ ಬೇರೆತನ ಎಲ್ಲಿಂದ ಬರುತ್ತದೆ ಎಂಬುದೇ ಈ ಟಿಪ್ಪಣಿಯ ವಿಷಯ.

ಬೆಲೆ ಏರಿದರೆ ಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆ ಪಾಠದ ಗ್ರಾಹಕನ ಕೈಯಲ್ಲಿ ಇಂತಿಷ್ಟು ಹಣವಿದೆ, ಎದುರಿನ ಪದಾರ್ಥಗಳಿಗೆ ಇಂತಿಷ್ಟು ಬೆಲೆಯಿದೆ. ಬಜೆಟ್ ರೇಖೆಯೊಳಗೆ ತನಗೆ ಹಿತವಾದದ್ದನ್ನು ಅವನು ಆರಿಸುತ್ತಾನೆ. ಬೆಲೆ ಎಷ್ಟೇ ಬದಲಾದರೂ ಅವನ ಆದಾಯ ಕದಲುವುದಿಲ್ಲ. ತಿಂಗಳ ಸಂಬಳ ಎಣಿಸುವವರಿಗೆ ಈ ಚಿತ್ರ ಹೊಂದುತ್ತದೆ. ಕಲ್ಪತರು ನಾಡು ಎಂದೇ ಕರೆಸಿಕೊಂಡ ಜಿಲ್ಲೆಗೆ ಹೊಂದುವುದಿಲ್ಲ. ಇಲ್ಲಿ ಕಾಯಿಯ ಬೆಲೆ ಒಂದು ಮನೆಗೆ ಖರ್ಚು, ಪಕ್ಕದ ಮನೆಗೆ ವರಮಾನ, ಎಷ್ಟೋ ಮನೆಗಳಿಗೆ ಎರಡೂ. ಮನೆಯವರು ಬೆಲೆಯ ಯಾವ ಬದಿಯಲ್ಲಿ ನಿಂತಿದ್ದಾರೆ, ಅವರ ಕೈಗೆ ದುಡ್ಡು ಯಾವ ರೂಪದಲ್ಲಿ ಮತ್ತು ಯಾವಾಗ ಬರುತ್ತದೆ ಎಂದು ತಿಳಿಯದೆ, ಬೆಲೆ ಮತ್ತು ಆದಾಯದ ಅಂಕಿಗಳಿಂದಷ್ಟೇ ಅವರ ಆಯ್ಕೆಯನ್ನು ಊಹಿಸಲಾಗದು ಎಂಬುದು ನನ್ನ ವಾದ.

ಸಿದ್ಧಾಂತಕ್ಕೆ ಇದು ಹೊಸದೇನೂ ಅಲ್ಲ. ರಷ್ಯಾದ ಯೂಜೀನ್ ಸ್ಲಟ್‌ಸ್ಕಿ 1915ರಲ್ಲಿಯೇ ಬೆಲೆ ಏರಿಕೆಯ ಪರಿಣಾಮವನ್ನು ಎರಡಾಗಿ ಬಿಡಿಸಿ ತೋರಿಸಿದ್ದರು. 1934ರಲ್ಲಿ ಹಿಕ್ಸ್ ಮತ್ತು ಆಲೆನ್ ಅದನ್ನು ತಾವೇ ಬೇರೊಂದು ದಾರಿಯಲ್ಲಿ ಕಂಡುಕೊಂಡರು. ದುಬಾರಿಯಾದ ವಸ್ತುವನ್ನು ಬಿಟ್ಟು ಅಗ್ಗದ್ದರ ಕಡೆ ಹೊರಳುವುದು ಬದಲಿ ಪರಿಣಾಮ. ಅದೇ ಹಣಕ್ಕೆ ಮೊದಲಿನಷ್ಟು ಸಾಮಾನು ಬರದೆ ಮನೆ ಅಷ್ಟರಮಟ್ಟಿಗೆ ಬಡವಾಗುವುದು ಆದಾಯ ಪರಿಣಾಮ. ಬೆಳೆದು ಮಾರುವ ಮನೆಯಲ್ಲಿ ಈ ಎರಡನೆಯದು ತಿರುಗಿ ನಿಲ್ಲುತ್ತದೆ: ತಾನು ತಿನ್ನುವುದಕ್ಕಿಂತ ಹೆಚ್ಚು ಬೆಳೆಯುವ ಮನೆ ಬೆಲೆ ಏರಿದಾಗ ಶ್ರೀಮಂತವಾಗುತ್ತದೆ. ಉತ್ಪಾದನೆ ಮತ್ತು ಬಳಕೆ ಒಂದೇ ಸೂರಿನಡಿ ನಡೆಯುವ ಇಂಥ ಕೃಷಿ ಕುಟುಂಬಗಳ ಕುರಿತು ಸಿಂಗ್, ಸ್ಕ್ವೈರ್ ಮತ್ತು ಸ್ಟ್ರಾಸ್ 1986ರಲ್ಲಿ ಸಂಪಾದಿಸಿದ ಗ್ರಂಥ ಇಂದಿಗೂ ಈ ಕ್ಷೇತ್ರದ ಆಧಾರ.

ಲೆಕ್ಕಕ್ಕೊಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ವಾದದ ಅನುಕೂಲಕ್ಕಾಗಿ ಆರಿಸಿದವು. ತುಮಕೂರಿನ ಬಾಡಿಗೆ ಮನೆಯ ಕುಟುಂಬವೊಂದು ತಿಂಗಳಿಗೆ 20 ಕಾಯಿ ಕೊಳ್ಳುತ್ತದೆ, ವಸಂತನರಸಾಪುರದ ಕಾರ್ಖಾನೆಯೊಂದರಿಂದ 12,000 ರೂಪಾಯಿ ಸಂಬಳ ಬರುತ್ತದೆ. ಕಾಯಿ 25ರಿಂದ 50 ರೂಪಾಯಿಗೆ ಏರಿದರೆ, ಮೊದಲಿನಷ್ಟೇ ಕಾಯಿ ಬೇಕೆಂದರೆ ತಿಂಗಳಿಗೆ 500 ರೂಪಾಯಿ ಹೆಚ್ಚು ಬೇಕು. ಸಂಬಳದ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಪಾಲು ಒಂದೇ ಪದಾರ್ಥದ ಏರಿಕೆಗೆ ಹೋಯಿತು. ಇನ್ನು ಗುಬ್ಬಿ ಕಡೆಯ 50 ಮರದ ಮನೆ. ಮರಕ್ಕೆ ವರ್ಷಕ್ಕೆ 60 ಕಾಯಿಯಂತೆ 3,000 ಕಾಯಿ. ಮನೆಗೆ ಅಷ್ಟೇ, ತಿಂಗಳಿಗೆ 20ರಂತೆ 240. ಮಿಕ್ಕ 2,760 ಕಾಯಿ ಮಾರಾಟಕ್ಕೆ. ತೋಟದ ಬಾಗಿಲಲ್ಲಿ ಬೆಲೆ 15ರಿಂದ 30ಕ್ಕೆ ಏರಿದರೆ ವರ್ಷದ ವರಮಾನ 41,400 ರೂಪಾಯಿ ಹೆಚ್ಚುತ್ತದೆ. ಮನೆಯಲ್ಲಿ ಒಡೆಯುವ ಪ್ರತಿ ಕಾಯಿಯೂ ಈಗ ಮಾರಿದರೆ 30 ರೂಪಾಯಿ ತರುವ ಕಾಯಿ ಎಂಬ ಅರಿವು ಅವರಿಗೂ ಇದೆ, ಅಂದರೆ ಬದಲಿ ಪರಿಣಾಮ ಅಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಅದರ ಎದುರು ನಿಂತ ಆದಾಯ ಪರಿಣಾಮ ದೊಡ್ಡದು. ಈ ಎರಡು ಮನೆಗಳ ಕಾಯಿ ಬಳಕೆಯನ್ನು ಕೂಡಿಸಿ ಭಾಗಿಸಿ ಜಿಲ್ಲೆಯ ಸರಾಸರಿ ಬೇಡಿಕೆಯನ್ನೂ ಅದರ ಸ್ಥಿತಿಸ್ಥಾಪಕತ್ವವನ್ನೂ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಲೆಕ್ಕ ಹಾಕಿದರೆ, ಆ ಸಂಖ್ಯೆ ಎರಡು ಮನೆಗಳಲ್ಲಿ ಯಾವುದರ ಕಥೆಯನ್ನೂ ಹೇಳುವುದಿಲ್ಲ.

ಬೆಳೆಗಾರರ ಮನೆಯ ಬದಲಿ ಪರಿಣಾಮವನ್ನು ಎಣಿಕೆಯಲ್ಲಿ ಹುಡುಕಿದರೆ ಸಿಗದಿರಬಹುದು. ಅದು ಆಯುವ ಕೆಲಸದಲ್ಲಿ ಅಡಗಿರುತ್ತದೆ. ಕಾಯಿ ಕೆಡವಿದ ದಿನ ದಪ್ಪ ಕಾಯಿ ಒಂದು ರಾಶಿಗೆ, ಚಿಕ್ಕದು ಇನ್ನೊಂದಕ್ಕೆ. ವ್ಯಾಪಾರಿ ಬೇಡವೆಂದದ್ದು, ಮೊಳಕೆ ಬಂದದ್ದು, ಬಿದ್ದು ಬಿರುಕು ಬಿಟ್ಟದ್ದು ಅಡುಗೆಮನೆಗೆ. ಧಾರಣೆ ಏರಿದ ವರ್ಷ ಈ ಆಯ್ಕೆ ಬಿಗಿಯಾಗುತ್ತದೆ. ಮನೆಯವರು ಮೊದಲಿನಂತೆಯೇ ದಿನಕ್ಕೆ ಒಂದು ಕಾಯಿ ಒಡೆಯುತ್ತಿರಬಹುದು, ಆದರೆ ಕಾಯಿಯ ಗಾತ್ರ ಇಳಿದಿರುತ್ತದೆ. ಆಂಗಸ್ ಡೀಟನ್ 1980ರ ದಶಕದಲ್ಲಿ ಬಿಡಿಸಿ ತೋರಿಸಿದ ತೊಡಕು ಇದೇ: ಬೆಲೆ ಏರಿದಾಗ ಜನ ಪ್ರಮಾಣವನ್ನಷ್ಟೇ ಕಡಿಮೆ ಮಾಡುವುದಿಲ್ಲ, ಗುಣಮಟ್ಟವನ್ನೂ ಇಳಿಸುತ್ತಾರೆ. ಖರ್ಚನ್ನು ಸಂಖ್ಯೆಯಿಂದ ಭಾಗಿಸಿ ಬೆಲೆ ಕಂಡುಹಿಡಿದರೆ ನಿಜವಾದ ಏರಿಕೆ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ತೂಕಕ್ಕೆ ಬದಲು ಎಣಿಕೆಯ ಲೆಕ್ಕದಲ್ಲಿ ವ್ಯಾಪಾರವಾಗುವ ತೆಂಗಿನಕಾಯಿಗೆ ಈ ಎಚ್ಚರಿಕೆ ವಿಶೇಷವಾಗಿ ಸಲ್ಲುತ್ತದೆ.

ಕೊಳ್ಳುವ ಮನೆ ಏನು ಮಾಡುತ್ತದೆ? ತೆಂಗಿನಕಾಯಿಗೆ ಬದಲಿ ಪದಾರ್ಥ ಯಾವುದು ಎಂದು ಕೇಳಿದರೆ ನೇರ ಉತ್ತರ ಸಿಗುವುದು ಕಷ್ಟ. ಚಟ್ನಿಗೆ ಹುರಿಗಡಲೆ ಹೆಚ್ಚು ಹಾಕಬಹುದು, ಕಡ್ಲೆಕಾಯಿ ಬೀಜ ಬೆರೆಸಬಹುದು, ಕಾಯಿ ಚಟ್ನಿಯ ಜಾಗಕ್ಕೆ ಹುಚ್ಚೆಳ್ಳು ಪುಡಿ ಬರಬಹುದು. ಆದರೆ ಈ ಸೀಮೆಯ ಅಡುಗೆಮನೆಯಲ್ಲಿ ಆಯ್ಕೆ ನಡೆಯುವುದು ಹೆಚ್ಚಾಗಿ ಸಾರುಗಳ ನಡುವೆ. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನ ಜೊತೆಗೆ ರುಬ್ಬಿದ ಕಾಯಿ ಬೇಕು. ಉಪ್ಸಾರಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದ ಖಾರ ಮುಖ್ಯ. ಕಾಯಿ ಇಲ್ಲದೆಯೂ ನಡೆಯುತ್ತದೆ. ಎರಡೂ ಮುದ್ದೆಗೆ ಹೊಂದುತ್ತವೆ. ಬಸ್ಸಾರು ವಾರಕ್ಕೆ ಮೂರು ದಿನದಿಂದ ಎರಡು ದಿನಕ್ಕೆ ಇಳಿದರೆ ಕಾಯಿಯ ಬೇಡಿಕೆ ಇಳಿಯುತ್ತದೆ, ಆದರೆ ಬಸ್ಸಾರು ಮಾಡಿದ ದಿನ ಕಾಯಿ ಮೊದಲಿನಷ್ಟೇ ಬೀಳುತ್ತದೆ. ಕೆಲ್ವಿನ್ ಲ್ಯಾಂಕಾಸ್ಟರ್ 1966ರಲ್ಲಿ ಗ್ರಾಹಕ ಬಯಸುವುದು ವಸ್ತುಗಳ ಗುಣಗಳನ್ನು, ಆ ಗುಣಗಳಿಗಾಗಿಯೇ ವಸ್ತುಗಳನ್ನು ಕೊಳ್ಳುತ್ತಾನೆ ಎಂದು ವಾದಿಸಿದರು. ರುಚಿ, ದಪ್ಪ, ಹುಳಿ, ಮುದ್ದೆ ಇಳಿಯುವಷ್ಟು ಜಾರು: ಇವುಗಳ ಲೆಕ್ಕ ಹಿಡಿದು ನೋಡಿದರೆ ಆ ವಾದ ಎಷ್ಟು ಸರಿ ಎಂಬುದು ಯಾವ ಅಡುಗೆಮನೆಯಲ್ಲೂ ಗೊತ್ತಾಗುತ್ತದೆ.

2023ರ ಜುಲೈ ತಿಂಗಳ ಟೊಮೆಟೊ, ನೇರ ಬದಲಿ ಇಲ್ಲದ ಕಾಯಿಗೆ ತದ್ವಿರುದ್ಧದ ಪ್ರಕರಣ. ಕಿಲೋ ನೂರು ರೂಪಾಯಿ ದಾಟಿದಾಗ ದೇಶದ ಚಿಲ್ಲರೆ ಹಣದುಬ್ಬರವೇ ಶೇಕಡಾ 7.44ಕ್ಕೆ ಏರಿತ್ತು. ಟೊಮೆಟೊ ಕೊಡುವ ಹುಳಿಯನ್ನು ಹುಣಸೆಹಣ್ಣೂ ಕೊಡುತ್ತದೆ, ಮತ್ತು ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ. ಸುಗ್ಗಿಯಲ್ಲಿ ಬೀಜ ಬಿಡಿಸಿ ಉಪ್ಪು ಹಾಕಿ ಜಾಡಿಗೆ ತುಂಬಿಟ್ಟ ಮನೆಗೆ ಟೊಮೆಟೊ ಬಿಡುವುದು ಸುಲಭ. ಕೋಣೆಯೊಂದರಲ್ಲಿ ಬಾಡಿಗೆಗಿದ್ದು ಹುಣಸೆಹಣ್ಣನ್ನೂ ಸಣ್ಣ ಪೊಟ್ಟಣದಲ್ಲಿ ಕೊಳ್ಳುವ ಕಾರ್ಮಿಕರಿಗೆ ಅಷ್ಟು ಸುಲಭವಲ್ಲ. ಬದಲಿ ವಸ್ತು ಮಾರುಕಟ್ಟೆಯಲ್ಲಿ ಇದ್ದರೆ ಸಾಲದು, ಅದನ್ನು ಅಗ್ಗದ ಕಾಲದಲ್ಲಿ ಕೂಡಿಟ್ಟುಕೊಳ್ಳುವ ಜಾಗವೂ ಹಣವೂ ಇರಬೇಕು.

ಕಾಯಿಗೆ ಇನ್ನೊಂದು ಬಳಕೆ ಇದೆ, ಅಲ್ಲಿ ಬದಲಿಯೇ ಇಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೆ ಹಣ್ಣುಕಾಯಿ ಒಯ್ಯುವವರು ಕಾಯಿಯ ಬೆಲೆ ನೋಡಿ ಅರ್ಧ ಕಾಯಿ ಒಯ್ಯುವುದಿಲ್ಲ. ಒಡೆದ ಹೋಳು ಮನೆಗೆ ಬಂದು ಸಾರಿಗೋ ಪಾಯಸಕ್ಕೋ ಬೀಳುತ್ತದೆ ಎಂಬುದನ್ನು ಸಂಶೋಧಕರು ಮರೆಯಬಾರದು. ಪೂಜೆಯ ಕಾಯಿ ಮತ್ತು ಅಡುಗೆಯ ಕಾಯಿ ಎಂದು ಖರ್ಚನ್ನು ಎರಡು ಕಲಮಿಗೆ ಬರೆದರೆ, ಹಬ್ಬದ ವಾರದಲ್ಲಿ ಅಡುಗೆಗೆ ಕಾಯಿ ಕೊಳ್ಳದ ಮನೆ ತಪ್ಪಾಗಿ ಉಳಿತಾಯದ ಮನೆಯಂತೆ ಕಾಣುತ್ತದೆ.

ಈಗ ಕಾಲದ ಪ್ರಶ್ನೆ. ಇಲ್ಲಿಯೇ ಗುಬ್ಬಿಗೂ ಕುಣಿಗಲ್‌ಗೂ ದೊಡ್ಡ ವ್ಯತ್ಯಾಸ. ಗುಬ್ಬಿ ತಾಲ್ಲೂಕು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಹೊಂದಿಕೊಂಡಿದೆ. ಕೊಬ್ಬರಿ ಅಲ್ಲಿನ ಹಳೆಯ ರೂಢಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ಎಂಟು ಹತ್ತು ತಿಂಗಳು ಬಿಟ್ಟರೆ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕುಣಿಗಲ್ ತಾಲ್ಲೂಕಿನ ದಕ್ಷಿಣಕ್ಕೆ, ಹುಲಿಯೂರುದುರ್ಗದ ಕಡೆಯ ರೈತನಿಗೆ ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರ. ಎಳನೀರು ಏಳು ತಿಂಗಳ ಎಳೆಗಾಯಿ. ಕಿತ್ತ ದಿನವೇ ಗಾಡಿ ಹತ್ತುತ್ತದೆ, ದುಡ್ಡು ಬೇಗ ಕೈ ಸೇರುತ್ತದೆ. ಒಂದೇ ಮರದ ಫಸಲಿಗೆ ಹೀಗೆ ಮೂರು ದಾರಿ: ಎಳನೀರಾಗಿ ಇಂದು, ಹಸಿ ಕಾಯಿಯಾಗಿ ಕೆಲವು ತಿಂಗಳ ಮೇಲೆ, ಕೊಬ್ಬರಿಯಾಗಿ ಮುಂದಿನ ವರ್ಷ. ಅಟ್ಟದ ಮೇಲಿನ ಕಾಯಿ ರೈತನ ಉಳಿತಾಯ ಖಾತೆ. ಮಗಳ ಮದುವೆಗೂ ಕಾಲೇಜು ಶುಲ್ಕಕ್ಕೂ ಅಲ್ಲಿಂದಲೇ ತೆಗೆಯಬೇಕು, ಆದರೆ ಬೆಲೆ ಬಿದ್ದಿರುವಾಗ ತೆಗೆದರೆ ನಷ್ಟ. ಬೇರೆ ವರಮಾನ ಇಲ್ಲದವರು 2023ರ ಕುಸಿದ ಧಾರಣೆಗೂ ಮಾರಲೇಬೇಕಾಯಿತು. ಕಾದು ಕೂತು ಮುಂದೆ ಹೆಚ್ಚಿನ ಬೆಲೆ ಕಂಡವರು ಕಾಯುವಷ್ಟು ಕೈಕಾಸು ಇದ್ದವರು. ಅಂದರೆ ಬೆಲೆ ಏರಿಕೆಯ ಲಾಭವೂ ಮೊದಲೇ ಇದ್ದ ಆದಾಯವನ್ನು ಅನುಸರಿಸಿತು. ಏರಿಕೆಯ ಹಿಂದಿನ ಕಾರಣಗಳಲ್ಲಿ ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗಗಳಿಂದ ಫಸಲು ಕುಗ್ಗಿದ್ದೂ, ಎಳನೀರಿಗೆ ಹೆಚ್ಚು ಕಾಯಿ ಹೋದದ್ದೂ ಸೇರಿವೆ. ಬೆಲೆ ದುಪ್ಪಟ್ಟಾದರೂ ಮರದಲ್ಲಿ ಕಾಯಿಯೇ ಅರ್ಧವಾಗಿದ್ದರೆ ಆ ಮನೆಯ ವರಮಾನ ಇದ್ದಲ್ಲೇ ಇರುತ್ತದೆ. ಮೇಲಿನ ನನ್ನ ಉದಾಹರಣೆಯ 41,400 ರೂಪಾಯಿ ಅವರಿಗೆ ಸಲ್ಲುವುದಿಲ್ಲ.

ದುಡ್ಡು ಬರುವ ಹೊತ್ತಿನಷ್ಟೇ ಮುಖ್ಯವಾದದ್ದು ಸಾಮಾನು ಸಿಗುವ ಅಳತೆ. ಸಿದ್ಧಾಂತದ ಗ್ರಾಹಕ ಎಷ್ಟು ಬೇಕೋ ಅಷ್ಟನ್ನು ಅಳೆದು ಕೊಳ್ಳುತ್ತಾನೆ. ನಂದಿನಿ ಹಾಲನ್ನು ಹಾಗೆ ಕೊಳ್ಳಲಾಗುವುದಿಲ್ಲ. 2024ರ ಜೂನ್ 26ರಿಂದ ನೀಲಿ ಪ್ಯಾಕೆಟ್ಟಿನ ಅರ್ಧ ಲೀಟರ್ 550 ಮಿ.ಲೀ. ಆಯಿತು, ಬೆಲೆ 22ರಿಂದ 24ಕ್ಕೆ ಏರಿತು. ನೂರು ಮಿ.ಲೀ. ಲೆಕ್ಕಕ್ಕೆ 4.40 ಇದ್ದದ್ದು 4.36 ಆಯಿತು, ಅಂದರೆ ಕೂದಲೆಳೆಯಷ್ಟು ಇಳಿಯಿತು. ಆದರೆ ದಿನಕ್ಕೊಂದು ಪ್ಯಾಕೆಟ್ ಕೊಳ್ಳುವ ಮನೆಗೆ ತಿಂಗಳಿಗೆ 60 ರೂಪಾಯಿ ಹೆಚ್ಚು ಬೇಕಾಯಿತು, ಹೆಚ್ಚಿನ 50 ಮಿ.ಲೀ. ಬೇಡವೆನ್ನುವ ಅವಕಾಶ ಇರಲಿಲ್ಲ. 2025ರ ಏಪ್ರಿಲ್ 1ರಿಂದ ಪ್ಯಾಕೆಟ್ ಮತ್ತೆ 500 ಮಿ.ಲೀ.ಗೆ ಬಂತು, ಬೆಲೆ 24ರಲ್ಲೇ ನಿಂತಿತು. ಆಗ ನೂರು ಮಿ.ಲೀ.ಗೆ 4.80 ಆಯಿತು, ಶೇಕಡಾ ಹತ್ತರ ಏರಿಕೆ. ಕೈಯಿಂದ ಹೋಗುವ ನೋಟು ನಾಣ್ಯ ಮಾತ್ರ ಅಷ್ಟೇ. ಒಂದು ಬಾರಿ ಬೆಲೆ ಏರದೆ ಖರ್ಚು ಏರಿತು, ಇನ್ನೊಂದು ಬಾರಿ ಖರ್ಚು ಏರದೆ ಬೆಲೆ ಏರಿತು. ದಿನಗೂಲಿ ಎಣಿಸುವ ಮನೆಗೆ ಮೊದಲನೆಯದೇ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಅವರ ಬಜೆಟ್ ರೇಖೆ ತಿಂಗಳದ್ದಲ್ಲ, ದಿನದ್ದು. ಎರಡನೆಯ ಏರಿಕೆ ಚಹಾದ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಡೈರಿಗೆ ಹಾಲು ಹಾಕಿ ಬಟವಾಡೆಗೆ ಕಾಯುವ ಹಳ್ಳಿಯ ಮನೆಗೆ ಏಪ್ರಿಲ್‌ನ ಏರಿಕೆ ವರಮಾನದ ಸುದ್ದಿ. ಲೀಟರಿನ ಮೇಲೆ ಏರಿಸಿದ 4 ರೂಪಾಯಿ ಉತ್ಪಾದಕರಿಗೇ ಎಂದು ಸರ್ಕಾರ ಹೇಳಿತ್ತು. ಕಾಯಿಯ ಕಥೆಯೇ ಹಾಲಿನಲ್ಲೂ.

ಪಡಿತರ ಚೀಟಿಗೆ ಉಚಿತವಾಗಿ ಸಿಗುವ ಅನ್ನಭಾಗ್ಯದ ಅಕ್ಕಿ ಈ ಚರ್ಚೆಗೆ ಅಪರೂಪದ ಸಾಕ್ಷ್ಯ ಒದಗಿಸುತ್ತದೆ. ತಲೆಗೆ ಐದು ಕಿಲೋ ಮೇಲೆ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಸಿಗದೆ ಹೋದಾಗ ರಾಜ್ಯ ಸರ್ಕಾರ 2023ರ ಜುಲೈಯಿಂದ ಕಿಲೋಗೆ 34ರಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಿತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಗೇ ಮರಳಿತು. ಅಕ್ಕಿಯೂ ದುಡ್ಡೂ ಒಂದೇಯೇ? ಹರ್ಮನ್ ಸೌತ್‌ವರ್ತ್ 1945ರಲ್ಲಿ ಕೊಟ್ಟ ಉತ್ತರ: ಮನೆಯವರು ಹೇಗೂ ಅದಕ್ಕಿಂತ ಹೆಚ್ಚು ಆ ಧಾನ್ಯ ಕೊಳ್ಳುವವರಾಗಿದ್ದರೆ ಒಂದೇ, ಇಲ್ಲದಿದ್ದರೆ ಅಲ್ಲ. ಅನ್ನವನ್ನೇ ಉಣ್ಣುವ ಕರಾವಳಿಯ ಮನೆಗೆ ಒಂದೇ ಆಗಬಹುದು. ಎರಡು ಹೊತ್ತು ಮುದ್ದೆ ಉಣ್ಣುವ ಕುಣಿಗಲ್ ಸೀಮೆಯ ಮನೆಗೆ, ಅದರಲ್ಲೂ ಐದಾರು ಜನರ ಚೀಟಿಗೆ, ತಲೆಗೆ ಹತ್ತು ಕಿಲೋ ಅಕ್ಕಿ ಬೇಕಾದದ್ದಕ್ಕಿಂತ ಹೆಚ್ಚಾಯಿತು. ಜೊತೆಗೆ ರಾಗಿಯ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಲಿಗೆ 3,846, 2024-25ರಲ್ಲಿ 4,290, 2025-26ರಲ್ಲಿ 4,886 ರೂಪಾಯಿ. ಪಡಿತರದ ಅಕ್ಕಿಯ ಬೆಲೆ ಶೂನ್ಯದಲ್ಲೇ ನಿಂತಿರುವಾಗ ಕಣಜದ ರಾಗಿ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತ ಹೋಯಿತು. ಬೆಳೆದ ರಾಗಿಯನ್ನು ಖರೀದಿ ಕೇಂದ್ರಕ್ಕೆ ಒಯ್ದು ಅನ್ನ ಉಣ್ಣುವುದೇ ಲಾಭ ಎಂದು ಲೆಕ್ಕ ಹೇಳುತ್ತದೆ. ಎಷ್ಟು ಮನೆಗಳು ಆ ಲೆಕ್ಕಕ್ಕೆ ಮಣಿಯುತ್ತವೆ ಎಂಬುದು ರುಚಿಯ, ರೂಢಿಯ, ಮಧ್ಯಾಹ್ನದವರೆಗೆ ಹೊಲದಲ್ಲಿ ದುಡಿಯುವ ಮೈಯ ಪ್ರಶ್ನೆ. ನನ್ನ ಅಂದಾಜಿನಲ್ಲಿ ಮುದ್ದೆ ಸುಲಭಕ್ಕೆ ಜಾಗ ಬಿಡುವುದಿಲ್ಲ. ಆದರೆ ರಾತ್ರಿಯ ಊಟ ಬಿಟ್ಟುಕೊಡಬಹುದು, ಮಕ್ಕಳ ತಟ್ಟೆ ಇನ್ನೂ ಬೇಗ.

ಸಾಮಾನಿನ ಬೆಲೆಗೆ ಅದನ್ನು ತರುವ ಖರ್ಚೂ ಸೇರುವುದರಿಂದ ಬಸ್ಸಿನ ವಿಷಯ ಚಿಕ್ಕದಾಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತ. 2025ರ ಜನವರಿಯಲ್ಲಿ ಉಳಿದವರ ದರ ಶೇಕಡಾ 15ರಷ್ಟು ಏರಿತು. ಗುಬ್ಬಿಯಿಂದ ಸುಮಾರು 20 ಕಿ.ಮೀ. ದೂರದ ತುಮಕೂರಿನಿಂದ ಸಾಮಾನು ತರುವ ಬೆಲೆ ಒಂದೇ ಮನೆಯೊಳಗೆ ಹೆಂಡತಿಗೆ ಒಂದು, ಗಂಡನಿಗೆ ಇನ್ನೊಂದು. ಅಂತರಸನಹಳ್ಳಿ ಮಾರುಕಟ್ಟೆಯ ತರಕಾರಿ, ಮಂಡಿಪೇಟೆಯ ಬೇಳೆ ಗುಬ್ಬಿಯ ಗೃಹಿಣಿಗೆ ಹತ್ತಿರವಾದವು. ಉಳಿದ ಖರ್ಚು ಅವರ ಸಮಯ, ಹೊರುವ ಶಕ್ತಿ; ಸಮಯಕ್ಕೂ ಬೆಲೆಯಿದೆ ಎಂದು ಗ್ಯಾರಿ ಬೆಕರ್ 1965ರಲ್ಲಿ ಹೇಳಿದ್ದು ಇಲ್ಲಿ ನೆನಪಾಗಬೇಕು. ಕೂಲಿ ಬಿಟ್ಟು ಹೋಗಬೇಕಾದವರಿಗೆ ಉಚಿತ ಬಸ್ಸೂ ದುಬಾರಿ.

ಈ ಎಲ್ಲವನ್ನೂ ಅಳೆಯುವ ನಮ್ಮ ಸಾಧನಗಳ ಬಗ್ಗೆ ಒಂದು ಮಾತು. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ವೆಚ್ಚದಲ್ಲಿ ಆಹಾರದ ಪಾಲು ಶೇಕಡಾ 46.38, 1999-2000ರಲ್ಲಿ ಅದು 59.40 ಇತ್ತು. ಆದಾಯ ಏರಿದಂತೆ ಆಹಾರದ ಪಾಲು ಇಳಿಯುತ್ತದೆ ಎಂದು ಎಂಗೆಲ್ 1857ರಲ್ಲಿ ಕಂಡದ್ದಕ್ಕೆ ಇದು ಒಪ್ಪುತ್ತದೆ. ತೆಂಗಿನ ಸೀಮೆಯಲ್ಲಿ ಈ ಪಾಲನ್ನು ಎಚ್ಚರದಿಂದ ಓದಬೇಕು. ಮನೆಯಲ್ಲೇ ಬೆಳೆದದ್ದಕ್ಕೆ ಸಮೀಕ್ಷೆ ತೋಟದ ಬಾಗಿಲ ಬೆಲೆ ಕಟ್ಟುತ್ತದೆ. ಹಾಗಾಗಿ ಮೊದಲಿನಷ್ಟೇ ಕಾಯಿ ತಿಂದ ಗುಬ್ಬಿಯ ಮನೆ ಧಾರಣೆ ಏರಿದ ವರ್ಷ ಆಹಾರಕ್ಕೆ ಹೆಚ್ಚು ಖರ್ಚು ಮಾಡಿದಂತೆ ದಾಖಲಾಗುತ್ತದೆ; ಬಡವಾದ ಲಕ್ಷಣ ತೋರುತ್ತದೆ, ನಿಜಕ್ಕೂ ಅದು ಸಿರಿವಂತವಾಗಿದ್ದರೂ.

ಆದ್ದರಿಂದ ಈ ಮೂರು ಕಡೆ ಹೊಸದಾಗಿ ಸಮೀಕ್ಷೆ ಮಾಡುವವರು ಬಳಕೆಯ ಪಟ್ಟಿ ಹಿಡಿಯುವ ಮೊದಲು ಕೆಲವು ಪ್ರಶ್ನೆ ಕೇಳಬೇಕು: ಮರ ಎಷ್ಟು, ಅದರಲ್ಲಿ ಫಲ ಕೊಡುವವು ಎಷ್ಟು, ಎಳನೀರಿಗೆ ಎಷ್ಟು ಹೋಯಿತು, ಅಟ್ಟದಲ್ಲಿ ಎಷ್ಟಿದೆ, ಕಳೆದ ಬಾರಿ ಯಾವ ತಿಂಗಳು ಮಾರಿದಿರಿ, ಮನೆಗೆ ಇಟ್ಟುಕೊಂಡ ಕಾಯಿ ಯಾವ ಗಾತ್ರದ್ದು. ಮರವಿಲ್ಲದ ಮನೆಗೆ ಕೂಲಿ ದಿನದ್ದೋ ವಾರದ್ದೋ ತಿಂಗಳದ್ದೋ ಎಂಬುದನ್ನೂ, ಕಾಯಿ ಕೆಡವುವ ಕೆಲಸಕ್ಕೆ ಹೋದರೆ ಕೂಲಿಯ ಜೊತೆ ಕಾಯಿಯೂ ಸಿಗುತ್ತದೆಯೇ ಎಂಬುದನ್ನೂ ಕೇಳಬೇಕು. 2023ರ ಕುಸಿತ ಮತ್ತು 2025ರ ಏರಿಕೆ ಎರಡನ್ನೂ ಕಂಡ ಮನೆಗಳು ಈಗಲೂ ಅಲ್ಲೇ ಇವೆ, ಆ ಎರಡು ವರ್ಷಗಳ ಮಾರಾಟದ ಚೀಟಿ ಎಷ್ಟೋ ಕಡೆ ಗೋಡೆಯ ಮೊಳೆಗೆ ಚುಚ್ಚಿಟ್ಟ ಕಟ್ಟಿನಲ್ಲಿ ಸಿಗಬಹುದು. ಅವುಗಳ ಪಕ್ಕದಲ್ಲಿ ಅದೇ ತಿಂಗಳ ದಿನಸಿ ಅಂಗಡಿಯ ಕಡದ ಪುಸ್ತಕ ಇಟ್ಟು ಓದಿದರೆ, ಧಾರಣೆ ಏರಿದಾಗ ಬೆಳೆಗಾರರ ಮನೆ ಮೊದಲು ಏನನ್ನು ಕೊಂಡಿತು, ಕೂಲಿಯ ಮನೆ ಮೊದಲು ಏನನ್ನು ಬಿಟ್ಟಿತು ಎಂಬುದನ್ನು ಮನೆಮನೆಯ ಲೆಕ್ಕದಲ್ಲಿ ಹೇಳಲು ಸಾಧ್ಯ. ಹಾಗೆ ಹೋಲಿಸುವಾಗ ರೋಗ ತಗುಲಿದ ತೋಟಗಳನ್ನು ಬೇರೆಯಾಗಿ ಇಡಬೇಕು.